ಅಸಂಬದ್ಧ ಪದ್ಯವನ್ನು ಕೊಳಲಲ್ಲಿ ಊದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಳಲು ತಂಡಕ್ಕೆಂದೇ ಬರೆದ ಹಾಸ್ಯ ಸಂಗೀತ ಒಂದು ಚಿಕ್ಕ ಲೋಕ. ಅದರೊಳಗೆ ಅಸಂಬದ್ಧ ಪದ್ಯದಿಂದ ಹುಟ್ಟಿದ ಸಂಗೀತ ಇನ್ನೂ ಚಿಕ್ಕ ಮೂಲೆ. ನನಗೆ ಆ ಮೂಲೆ ತುಂಬ ಇಷ್ಟ. ನುಡಿಸುವವರು, ಬರೆಯಲು ಹೊರಟವರು, ಒಮ್ಮೆ ಕೇಳಿ ಗೊಂದಲಕ್ಕೆ ಬಿದ್ದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಉತ್ತರ ಉದ್ದ ಇವೆ, ಕೆಲವು ಮೂರು ನಾಲ್ಕು ಸಾಲಿಗೇ ಮುಗಿಯುತ್ತವೆ.

ಇದು ಯಾವ ಥರದ ಸಂಗೀತ?

ಮೂರು ಜನದಿಂದ ಹಿಡಿದು ಇಪ್ಪತ್ತು ಮೂವತ್ತು ಜನದವರೆಗೆ ಕೊಳಲು ಹಿಡಿದು ಕೂರುತ್ತಾರೆ. ಬೇರೆ ವಾದ್ಯ ಸಾಮಾನ್ಯವಾಗಿ ಇರುವುದಿಲ್ಲ. ಅವರು ನುಡಿಸುವ ಸಂಗೀತಕ್ಕೆ ಮೂಲ ಒಂದು ಅಸಂಬದ್ಧ ಪದ್ಯ, ಅಂದರೆ ಅರ್ಥಕ್ಕೆ ಸಿಗದ ತಮಾಷೆ ಪದ್ಯ. ಕೆಲವು ಕೃತಿಗಳಲ್ಲಿ ಒಬ್ಬರು ಪದ್ಯ ಓದುತ್ತಾರೆ, ಕೊಳಲುಗಳು ಅದರ ಸುತ್ತ ಕುಣಿಯುತ್ತವೆ. ಇನ್ನು ಕೆಲವು ಕಡೆ ಒಂದು ಪದವೂ ಕೇಳಿಸುವುದಿಲ್ಲ. ಪದ್ಯದ ನಡಿಗೆ, ಅದರ ಪ್ರಾಣಿಗಳು, ಅದರ ಗಡಿಬಿಡಿ ಮಾತ್ರ ಊದಿನಲ್ಲಿ ಬರುತ್ತವೆ.

ಹೆಸರಿನ ಬಗ್ಗೆ ಒಂದು ಮಾತು. ‘ಅಸಂಗತ’ ಅನ್ನುವ ಪದವನ್ನು ಕನ್ನಡದಲ್ಲಿ ನಾಟಕದವರು ಆಗಲೇ ತೆಗೆದುಕೊಂಡಿದ್ದಾರೆ. ಅಸಂಗತ ನಾಟಕದ ಹಿಂದೆ ಒಂದು ಬೇಸರ, ಒಂದು ಕತ್ತಲೆ ಇರುತ್ತದೆ. ಇಲ್ಲಿ ಅದಿಲ್ಲ. ಅದಕ್ಕೇ ನಾನು ಅಸಂಬದ್ಧ ಪದ್ಯ ಅನ್ನುತ್ತೇನೆ. ಸುಮ್ನೆ ನಾನ್ಸೆನ್ಸ್ ಪದ್ಯ ಅಂದರೂ ಎಲ್ಲರಿಗೂ ತಿಳಿಯುತ್ತದೆ.

ಅರ್ಥವೇ ಇಲ್ಲದ್ದನ್ನು ಸಂಗೀತದಲ್ಲಿ ಹೇಳುವುದು ಹೇಗೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಉತ್ತರ ಹೇಳುವ ಮೊದಲು ಈಗಷ್ಟೇ ಕಟ್ಟಿದ ಎರಡು ಸಾಲು ಓದಿ:

ಗುಳ್ಳಣ ಮಿಟ್ಟನು ಚಿಂಬಿನ ಕೆಳಗೆ
ಬುಳ್ಳನೆ ಜೂಬಿದ ಝೇಂಪುಗಳ

ಇಲ್ಲಿ ಯಾರು ಏನು ಮಾಡಿದರು? ಮಿಟ್ಟ ಜೂಬಿದ. ಎಂಥ ಮಿಟ್ಟ? ಗುಳ್ಳಣ ಮಿಟ್ಟ. ಎಲ್ಲಿ ಜೂಬಿದ? ಚಿಂಬಿನ ಕೆಳಗೆ. ಏನನ್ನು ಜೂಬಿದ? ಝೇಂಪುಗಳನ್ನು. ಹೇಗೆ? ಬುಳ್ಳನೆ. ‘ಕೆಳಗೆ’ ಬಿಟ್ಟರೆ ಒಂದು ಪದದ ಅರ್ಥವೂ ಗೊತ್ತಿಲ್ಲ, ಆದರೂ ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿತು ಅಲ್ವಾ? ವಿಭಕ್ತಿ ಸರಿಯಾಗಿದೆ, ಕ್ರಿಯಾಪದ ಭೂತಕಾಲದಲ್ಲಿದೆ, ಬಹುವಚನ ಇದೆ. ಎರಡನೇ ಅಕ್ಷರದ ಪ್ರಾಸ ಕೂಡ ಇದೆ. ನಾಲ್ಕು ನಾಲ್ಕು ಮಾತ್ರೆಯ ನಡಿಗೆ ಎಲ್ಲೂ ಎಡವುವುದಿಲ್ಲ. ಅರ್ಥ ಹೋಗಿದೆ, ವ್ಯಾಕರಣ ಗಟ್ಟಿಯಾಗಿ ನಿಂತಿದೆ. ಓದುವವರಿಗೆ ಸಿಗುವ ಖುಷಿ ಇದರಿಂದಲೇ ಬರುತ್ತದೆ.

‘ಆಲಿಸ್’ ಕಥೆಗಳನ್ನು ಬರೆದ ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರಲ್ ಅವರ ‘ಜಬರ್‌ವಾಕಿ’ ಪದ್ಯವೂ ಹೀಗೇ ಕೆಲಸ ಮಾಡುತ್ತದೆ. ಅದರ ಮೊದಲ ಚರಣವನ್ನು ಅವರು 1855ರಲ್ಲೇ ಮನೆಮಂದಿಗಾಗಿ ಕೈಯಲ್ಲಿ ಬರೆದ ಪತ್ರಿಕೆಯೊಂದರಲ್ಲಿ ಹಾಕಿದ್ದರು. ಇಡೀ ಪದ್ಯ ಅಚ್ಚಾಗಿದ್ದು 1871ರಲ್ಲಿ. ಅದರ ಪದಗಳು ಹೊಸವು, ಆದರೆ ವಾಕ್ಯದ ಕಟ್ಟು ಅಪ್ಪಟ ಇಂಗ್ಲಿಷ್. ಅಲ್ಲಿ ಹುಟ್ಟಿದ ಒಂದೆರಡು ಪದಗಳು ಆಮೇಲೆ ನಿಘಂಟಿನೊಳಗೂ ಸೇರಿದವು.

ಸಂಗೀತಕ್ಕೂ ವ್ಯಾಕರಣ ಇದೆ. ಒಂದು ಸಾಲು ಪ್ರಶ್ನೆ ಕೇಳಿದ ಹಾಗೆ ಮೇಲೇರಿ ನಿಲ್ಲುತ್ತದೆ. ಮುಂದಿನ ಸಾಲು ಉತ್ತರ ಕೊಟ್ಟ ಹಾಗೆ ಇಳಿದು ಆಧಾರ ಸ್ವರಕ್ಕೆ ಬರುತ್ತದೆ. ನಾಲ್ಕು ಅಳತೆ (ತಾಳದ ಸಮ ತುಂಡು, ಇಂಗ್ಲಿಷಿನಲ್ಲಿ ಬಾರ್) ಆದ ಮೇಲೆ ಇನ್ನೊಂದು ನಾಲ್ಕು ಬರುತ್ತದೆ ಅಂತ ಕಿವಿ ಕಾಯುತ್ತಿರುತ್ತದೆ. ಈ ಕಟ್ಟನ್ನು ಹಾಗೇ ಉಳಿಸಿ, ಒಳಗಿನ ‘ಪದ’ಗಳನ್ನು ಬದಲಾಯಿಸಿ. ಉತ್ತರದ ಸಾಲು ಸರಿಯಾದ ಜಾಗದಲ್ಲೇ ಮುಗಿಯಲಿ, ಆದರೆ ಕೊನೆಯ ಸ್ವರದ ಬದಲು ತಗ್ಗಿನ ದನಿಯ ಬಾಸ್ ಕೊಳಲಿನಿಂದ ‘ಟಪ್’ ಅನ್ನುವ ಒಂದು ಸದ್ದು ಬರಲಿ. ಕೇಳುವವರಿಗೆ ವಾಕ್ಯ ಮುಗಿದದ್ದು ಗೊತ್ತಾಗುತ್ತದೆ. ಏನು ಹೇಳಿದರು ಅಂತ ಮಾತ್ರ ತಿಳಿಯುವುದಿಲ್ಲ. ಅಸಂಬದ್ಧವನ್ನು ಸಂಗೀತದಲ್ಲಿ ಹೇಳುವುದು ಅಂದರೆ ಇಷ್ಟೇ.

ಬೇರೆ ವಾದ್ಯ ಬಿಟ್ಟು ಕೊಳಲೇ ಯಾಕೆ?

ಕೊಳಲು ನುಡಿಸುವವರ ಬಾಯಲ್ಲಿ ಅರ್ಥವಿಲ್ಲದ ಅಕ್ಷರಗಳು ಯಾವಾಗಲೂ ಇರುತ್ತವೆ. ಫ್ಲೂಟಿನಲ್ಲಿ ಸ್ವರವನ್ನು ಸಾಮಾನ್ಯವಾಗಿ ನಾಲಿಗೆಯಿಂದ ಶುರು ಮಾಡುತ್ತೇವೆ. ‘ತು’ ಅಂದರೆ ಒಂದು ಥರ, ‘ದು’ ಅಂದರೆ ಮೆತ್ತಗೆ. ವೇಗವಾಗಿ ಬೇಕಾದರೆ ‘ತು-ಕು-ತು-ಕು’. ಫ್ರಾನ್ಸಿನ ಓಟ್‌ತೆರ್ 1707ರ ತಮ್ಮ ಪುಸ್ತಕದಲ್ಲಿ ‘ತು’, ‘ರು’ ಅನ್ನುವ ಅಕ್ಷರಗಳನ್ನು ಹೇಳಿಕೊಟ್ಟರು. ಜರ್ಮನಿಯ ಕ್ವಾಂಟ್ಸ್ 1752ರಲ್ಲಿ ‘ತಿ’, ‘ದಿ’, ‘ತಿರಿ’, ‘ದಿದ್ಲ್’ ಅಂತ ಇನ್ನಷ್ಟು ಸೇರಿಸಿದರು. ಆ ಪುಸ್ತಕದ ಅಭ್ಯಾಸಗಳನ್ನು ಕೊಳಲಿಲ್ಲದೆ ಬರೀ ಬಾಯಲ್ಲಿ ಓದಿ ನೋಡಿ. ಅದೇ ಒಂದು ಅಸಂಬದ್ಧ ಪದ್ಯ. ಅಂದರೆ ನಾವು ಮುನ್ನೂರು ವರ್ಷದಿಂದ ಇಂಥ ಪದ್ಯಗಳನ್ನು ಕೊಳಲಿನೊಳಗೆ ಗುಟ್ಟಾಗಿ ಹೇಳುತ್ತಲೇ ಬಂದಿದ್ದೇವೆ. ತಿಲ್ಲಾನ, ತಾಳದ ಅಕ್ಷರಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲು ಕೇಳಿ ಬೆಳೆದ ಕಿವಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ.

ಇನ್ನೊಂದು ಕಾರಣ ಎತ್ತರ ತಗ್ಗಿನ ಅಂತರ. ಕೊಳಲು ಕುಟುಂಬದ ಅತಿ ಚಿಕ್ಕದರಿಂದ ದೊಡ್ಡ ಗಾತ್ರದ, ತಗ್ಗಿನ ದನಿಯ ಕಾಂಟ್ರಾಬಾಸ್‌ವರೆಗೆ ಸುಮಾರು ಆರು ಸ್ಥಾಯಿ ಹರವು ಇದೆ. ಆದರೆ ಎಲ್ಲವೂ ಒಂದೇ ಜಾತಿಯ ದನಿ. ಹಾಗಾಗಿ ಇಲಿ ಮತ್ತು ಆನೆ ಒಂದೇ ಭಾಷೆಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದೆ. ಪಿಟೀಲಿನಿಂದ ತುತ್ತೂರಿಗೆ ದಾಟಿದರೆ ಈ ಪರಿಣಾಮ ಸಿಗುವುದಿಲ್ಲ.

ನನಗೆ ತುಂಬ ಇಷ್ಟವಾದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಸಂಬದ್ಧ ಪದ್ಯಕ್ಕೆ ದೊಡ್ಡ ಹೆಸರು ತಂದುಕೊಟ್ಟ ಎಡ್ವರ್ಡ್ ಲಿಯರ್ (1812–1888) ಮುಖ್ಯವಾಗಿ ಪಿಯಾನೋ ನುಡಿಸುತ್ತಿದ್ದರು. ಅದರ ಜೊತೆಗೆ ಅವರಿಗೆ ಕೊಳಲೂ ಬರುತ್ತಿತ್ತು.

ತಂಡದಲ್ಲಿ ಯಾವ ಯಾವ ಕೊಳಲುಗಳು ಇರುತ್ತವೆ?

ನಡುವಿನದು ಎಲ್ಲರಿಗೂ ಗೊತ್ತಿರುವ ಮಾಮೂಲಿ ಫ್ಲೂಟ್, ಸುಮಾರು 67 ಸೆಂಟಿಮೀಟರ್ ಉದ್ದ. ಇವತ್ತಿನ ಅದರ ರೂಪ ಬಹುಮಟ್ಟಿಗೆ ಜರ್ಮನಿಯ ಕೊಳಲುಗಾರ ಥಿಯೊಬಾಲ್ಡ್ ಬೋಮ್ ಅವರ 1847ರ ವಿನ್ಯಾಸದಿಂದ ಬಂದದ್ದು. ಅದರ ಅರ್ಧದಷ್ಟು ಉದ್ದದ ಪಿಕೊಲೊ ಒಂದು ಸ್ಥಾಯಿ ಮೇಲೆ ಕೂಗುತ್ತದೆ. ಆಲ್ಟೊ ಫ್ಲೂಟ್ ಮಾಮೂಲಿಗಿಂತ ನಾಲ್ಕು ಸ್ವರ ಕೆಳಗೆ, ಬಾಸ್ ಒಂದು ಸ್ಥಾಯಿ ಕೆಳಗೆ, ಕಾಂಟ್ರಾಬಾಸ್ ಎರಡು ಸ್ಥಾಯಿ ಕೆಳಗೆ. ಕಾಂಟ್ರಾಬಾಸಿನ ಕೊಳವೆ ಎರಡೂವರೆ ಮೀಟರಿಗಿಂತ ಉದ್ದ. ಅದನ್ನು ಮಡಚಿ, ನೆಲದ ಮೇಲೆ ನಿಲ್ಲಿಸಿ ಊದುತ್ತಾರೆ. ನೋಡಿದ ಕೂಡಲೇ ಅದು ಯಾವುದೋ ಅಸಂಬದ್ಧ ಪದ್ಯದ ಪ್ರಾಣಿ ಅನ್ನಿಸುತ್ತದೆ.

ಬರೆಯುವವರು ಒಂದು ವಿಷಯ ಮರೆಯಬಾರದು. ತಗ್ಗಿನ ಕೊಳಲುಗಳ ದನಿ ಮೆತ್ತಗೆ. ಅವುಗಳ ಮೇಲೆ ಆರು ಜನ ಮಾಮೂಲಿ ಫ್ಲೂಟ್ ಊದಿದರೆ ಅವು ಇದ್ದದ್ದೇ ಗೊತ್ತಾಗುವುದಿಲ್ಲ. ಹಾಸ್ಯದ ಮುಖ್ಯ ಮಾತು ಬಾಸ್ ಕೊಳಲಿನದಾದರೆ ಉಳಿದವರು ಆ ಹೊತ್ತಿಗೆ ಸುಮ್ಮನಿರಬೇಕು. ಉಸಿರೂ ಜಾಸ್ತಿ ಬೇಕು. ಕಾಂಟ್ರಾಬಾಸ್ ಊದುವವರಿಗೆ ಉದ್ದ ಸಾಲು ಕೊಟ್ಟರೆ ಪಾಪ, ಅರ್ಧಕ್ಕೇ ಗಾಳಿ ಮುಗಿಯುತ್ತದೆ. ಇಬ್ಬರಿದ್ದರೆ ಸರದಿ ಪ್ರಕಾರ ಉಸಿರು ತೆಗೆದುಕೊಳ್ಳಲಿ.

ಪದ್ಯವನ್ನು ಓದಬೇಕಾ, ಬರೀ ನುಡಿಸಿದರೆ ಸಾಕಾ?

ಎರಡೂ ನಡೆಯುತ್ತದೆ. ನನ್ನ ಒಲವು ಓದುವ ಕಡೆಗೆ, ಅದರಲ್ಲೂ ಕೇಳುಗರಿಗೆ ಪದ್ಯ ಪರಿಚಯ ಇಲ್ಲದಿದ್ದಾಗ. ಆದರೆ ಓದು ಮತ್ತು ಊದು ಒಂದರ ಮೇಲೊಂದು ಬಿದ್ದರೆ ಎರಡೂ ಹಾಳಾಗುತ್ತವೆ. ಅಸಂಬದ್ಧ ಪದ್ಯದಲ್ಲಿ ಕೇಳುಗರು ಪ್ರತಿ ಅಕ್ಷರವನ್ನೂ ಹಿಡಿಯಬೇಕು. ಗೊತ್ತಿರುವ ಪದವಾದರೆ ಅರ್ಧ ಕೇಳಿದರೂ ಊಹೆ ಮಾಡಿಕೊಳ್ಳಬಹುದು. ‘ಝೇಂಪು’ ಅನ್ನು ಊಹೆ ಮಾಡುವುದು ಹೇಗೆ?

ಈ ತೊಡಕನ್ನು ಮೊದಲೇ ಎದುರಿಸಿದವರು ಇಂಗ್ಲೆಂಡಿನ ಸಂಗೀತ ರಚನೆಕಾರ ವಿಲಿಯಂ ವಾಲ್ಟನ್ ಮತ್ತು ಕವಿ ಈಡಿತ್ ಸಿಟ್ವೆಲ್. ಅವರ ‘ಫಸಾಡ್’ ಕೃತಿ 1922ರಲ್ಲಿ ಮನೆಯೊಂದರಲ್ಲಿ ಮೊದಲು ನಡೆಯಿತು. ಆಗ ವಾಲ್ಟನ್‌ಗೆ 19 ವರ್ಷ. 1923ರಲ್ಲಿ ಲಂಡನ್ನಿನಲ್ಲಿ ಎಲ್ಲರ ಮುಂದೆ ನಡೆಯಿತು. ಸಿಟ್ವೆಲ್ ಪರದೆಯ ಹಿಂದೆ ಕೂತು, ಪರದೆಯ ತೂತಿನಿಂದ ಹೊರಗೆ ಚಾಚಿದ ಮೆಗಾಫೋನಿನಲ್ಲಿ ತಮ್ಮ ಪದ್ಯಗಳನ್ನು ಓದಿದರು. ಓದುವವರ ಮುಖ ಕಾಣದಿದ್ದರೆ ಪದದ ಸದ್ದು ಮಾತ್ರ ಉಳಿಯುತ್ತದೆ. ಆ ಪುಟ್ಟ ವಾದ್ಯತಂಡದಲ್ಲಿ ಫ್ಲೂಟ್ ಮತ್ತು ಪಿಕೊಲೊ ಎರಡನ್ನೂ ಒಬ್ಬರೇ ನುಡಿಸುತ್ತಾರೆ. ನಮ್ಮ ಕ್ಷೇತ್ರಕ್ಕೆ ಬರುವವರು ಮೊದಲು ಇದನ್ನು ಕೇಳಬೇಕು.

ದೊಡ್ಡ ಸಂಗೀತಗಾರರು ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರಾ?

ಖಂಡಿತ. ಸ್ಟ್ರಾವಿನ್‌ಸ್ಕಿ ಕೊನೆಯದಾಗಿ ಬರೆದ ಸ್ವಂತ ಕೃತಿ ಲಿಯರ್ ಅವರ ಗೂಬೆ ಮತ್ತು ಬೆಕ್ಕಿನ ಪದ್ಯಕ್ಕೆ, 1966ರಲ್ಲಿ. ಅದು ಕೊಳಲಿಗಲ್ಲ, ಒಂದು ಹೆಣ್ಣು ದನಿ ಮತ್ತು ಪಿಯಾನೋಗೆ. ಲಿಗೆಟಿ 1988ರಿಂದ 1993ರ ನಡುವೆ ಆರು ಗಂಡು ದನಿಗಳಿಗೆ ‘ನಾನ್ಸೆನ್ಸ್ ಮ್ಯಾಡ್ರಿಗಲ್ಸ್’ ಬರೆದರು. ಅದನ್ನು ಆರು ಕೊಳಲಿನವರು ಕೇಳಿದರೆ ದನಿಗಳನ್ನು ಹೆಣೆಯುವುದು ಹೇಗೆ ಅಂತ ಎಷ್ಟೋ ಕಲಿಯಬಹುದು. ಗುಬೈದುಲಿನಾ 1996ರಲ್ಲಿ ಜರ್ಮನ್ ಕವಿ ಮಾರ್ಗೆನ್‌ಸ್ಟರ್ನ್ ಅವರ ಅಸಂಬದ್ಧ ಪದ್ಯಗಳನ್ನು ತೆಗೆದುಕೊಂಡು ಬರೆದ ಕೃತಿಯ ಒಂದು ರೂಪದಲ್ಲಿ ಕೊಳಲಿದೆ.

ಕವಿಗಳ ಕಡೆಯಿಂದ ಬಂದವರೂ ಇದ್ದಾರೆ. ಕುರ್ಟ್ ಶ್ವಿಟರ್ಸ್ 1922ರಿಂದ 1932ರವರೆಗೆ ಬರೀ ಅರ್ಥವಿಲ್ಲದ ಅಕ್ಷರಗಳಿಂದ ಒಂದು ಇಡೀ ‘ಸೊನಾಟ’ (ಹಲವು ಭಾಗಗಳ ವಾದ್ಯಕೃತಿಯ ರೂಪ) ಕಟ್ಟಿದರು. ಅದರಲ್ಲಿ ನಾಲ್ಕು ಭಾಗ. ಮೊದಲಿನದು ರೊಂಡೊ (ಮುಖ್ಯ ಸಾಲು ಮತ್ತೆ ಮತ್ತೆ ಬರುವುದು), ಆಮೇಲೆ ನಿಧಾನದ್ದು, ಆಮೇಲೆ ಸ್ಕೆರ್ಟ್ಸೊ (ಚುರುಕಾದ, ಆಟದಂಥದ್ದು), ಕೊನೆಗೆ ವೇಗದ್ದು. ಸೊನಾಟದ ಕಟ್ಟನ್ನು ಅವರು ಉಳಿಸಿಕೊಂಡರು. ಮೇಲೆ ಹೇಳಿದ ವ್ಯಾಕರಣದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಪದವೂ ಇಲ್ಲದ ಪದ್ಯ ಇದೆಯಂತೆ, ಹೌದಾ?

ಹೌದು. ಅದರ ಬಗ್ಗೆ ಮಾತಾಡಲು ನನಗೆ ಸಿಕ್ಕಾಪಟ್ಟೆ ಖುಷಿ. ಮಾರ್ಗೆನ್‌ಸ್ಟರ್ನ್ ಅವರ 1905ರ ಸಂಕಲನದಲ್ಲಿ ‘ಮೀನಿನ ರಾತ್ರಿ ಹಾಡು’ ಅಂತ ಒಂದು ಪದ್ಯ ಇದೆ. ಅದರಲ್ಲಿರುವುದು ಛಂದಸ್ಸಿನ ಗುರುತುಗಳು ಮಾತ್ರ. ಅಡ್ಡಗೆರೆ ಮತ್ತು ಬಟ್ಟಲಿನ ಹಾಗೆ ಬಾಗಿದ ಗೆರೆ. ಒಟ್ಟು 13 ಸಾಲು. ಮೊದಲ ಸಾಲಿನಲ್ಲಿ ಒಂದೇ ಗುರುತು, ಆಮೇಲೆ ಎರಡು, ಮೂರು, ನಾಲ್ಕು. ನಡುವೆ ಮೂರು ನಾಲ್ಕು ಅಂತ ಹೊಯ್ದಾಡಿ ಕೊನೆಗೆ ಮತ್ತೆ ಒಂದಕ್ಕೆ ಇಳಿಯುತ್ತದೆ. ಪುಟದ ಮೇಲೆ ಮೀನಿನ ಆಕಾರ ಕಾಣುತ್ತದೆ.

ಕನ್ನಡ ಓದಿದವರಿಗೆ ಈ ಗುರುತುಗಳನ್ನು ಹೇಳಿಕೊಡಬೇಕಾಗಿಲ್ಲ. ಶಾಲೆಯಲ್ಲಿ ಪ್ರಸ್ತಾರ ಹಾಕಿದ ನೆನಪಿದೆ ಅಲ್ವಾ? ಅಡ್ಡಗೆರೆ ಗುರು, ಬಾಗಿದ ಗೆರೆ ಲಘು. ಅಂದರೆ ಈ ಪದ್ಯದಲ್ಲಿ ಪ್ರಸ್ತಾರ ಇದೆ, ಪದ್ಯ ಇಲ್ಲ. ಮೀನು ಬಾಯಿ ತೆರೆದು ಮುಚ್ಚುತ್ತದೆ, ನೀರೊಳಗೆ ದನಿ ಕೇಳುವುದಿಲ್ಲ.

ಒಂದು ಸಾಲಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ಗುರುತಿಲ್ಲದ ಕಾರಣ ಇದು ನಾಲ್ಕು ಕೊಳಲಿಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಸೂಚಿಸುವ ದಾರಿ ಹೀಗೆ. ಗುರುವಿಗೆ ಎರಡು ಮಾತ್ರೆಯ ಮೆತ್ತನೆ ಉಸಿರು, ಸ್ವರ ಹುಟ್ಟಿಯೂ ಹುಟ್ಟದ ಹಾಗೆ. ಲಘುವಿಗೆ ಒಂದು ಮಾತ್ರೆ, ಊದದೆ ಬರೀ ಕೀಲಿ (ಕೊಳಲಿನ ತೂತು ಮುಚ್ಚುವ ಮುಚ್ಚಳ) ಒತ್ತಿದ ‘ಟಕ್’. ಸಾಲಿನಲ್ಲಿ ಎಷ್ಟು ಗುರುತೋ ಅಷ್ಟು ಜನ, ಒಬ್ಬರಾದ ಮೇಲೆ ಒಬ್ಬರು. ಎಲ್ಲವೂ ಪಿಸುಮಾತಿನಷ್ಟು ಮೆಲ್ಲಗೆ. ಯಾರೂ ಗಟ್ಟಿಯಾಗಿ ನಗುವುದಿಲ್ಲ. ಆದರೆ ಆರನೇ ಏಳನೇ ಸಾಲಿನ ಹೊತ್ತಿಗೆ ಇಡೀ ಸಭೆ ಉಸಿರು ಹಿಡಿದು ಮುಗುಳ್ನಗುತ್ತಿರುತ್ತದೆ.

ಲಿಮೆರಿಕ್ ಅನ್ನು ಸಂಗೀತಕ್ಕೆ ಹೊಂದಿಸುವುದು ಹೇಗೆ?

ಲಿಮೆರಿಕ್ ಅಂದರೆ ಇಂಗ್ಲಿಷಿನ ಒಂದು ಥರದ ಚಿಕ್ಕ ತಮಾಷೆ ಪದ್ಯ. ಲೆಕ್ಕ ಸುಲಭ. ಲಿಮೆರಿಕ್‌ನಲ್ಲಿ ಐದು ಸಾಲು. ಒಂದು, ಎರಡು, ಐದನೇ ಸಾಲಿನಲ್ಲಿ ಮೂರು ಮೂರು ಪೆಟ್ಟು. ಮೂರು, ನಾಲ್ಕನೇ ಸಾಲಿನಲ್ಲಿ ಎರಡೆರಡು. ಪ್ರತಿ ಪೆಟ್ಟಿಗೂ ಒಂದು ‘ತಕಿಟ’ ಅಂತ ಎಣಿಸಿ. ಒಂದು ಅಳತೆಗೆ ಎರಡು ತಕಿಟ. ಉದ್ದ ಸಾಲಿಗೆ ಮೂರು ತಕಿಟ ಆದ ಮೇಲೆ ಒಂದು ಖಾಲಿ ತಕಿಟ ಬಿಡಿ, ಎರಡು ಅಳತೆ ಆಯಿತು. ಚಿಕ್ಕ ಸಾಲು ಒಂದೊಂದು ಅಳತೆ. ಒಟ್ಟು ಎರಡು, ಎರಡು, ಒಂದು, ಒಂದು, ಎರಡು. ಸರಿಯಾಗಿ ಎಂಟು ಅಳತೆ!

ಆ ಖಾಲಿ ತಕಿಟ ಇದೆಯಲ್ಲ, ಬಂಗಾರದಂಥ ಜಾಗ ಅದು. ಮೊದಲ ಸಾಲಿನ ಕೊನೆಯಲ್ಲಿ ಅಲ್ಲಿ ಪಿಕೊಲೊ ಒಂದು ಚಿಕ್ಕ ‘ಪೀ’ ಅನ್ನಲಿ. ಎರಡನೇ ಸಾಲಿನಲ್ಲೂ ಅನ್ನಲಿ. ಈಗ ಎಲ್ಲರಿಗೂ ರೂಢಿಯಾಯಿತು. ಐದನೇ ಸಾಲಿನ ಕೊನೆಯಲ್ಲಿ ಎಲ್ಲರೂ ‘ಪೀ’ಗೆ ಕಾಯುತ್ತಿರುವಾಗ ಅದೇ ಜಾಗದಲ್ಲಿ ಕಾಂಟ್ರಾಬಾಸ್ ಊದಲಿ. ಲಿಯರ್ ತಮ್ಮ 1846ರ ಪುಸ್ತಕದ ಬಹುಪಾಲು ಪದ್ಯಗಳಲ್ಲಿ ಕೊನೆಯ ಸಾಲಿಗೆ ಮೊದಲ ಸಾಲಿನ ಪದವನ್ನೇ ವಾಪಸ್ ತಂದರು. ನೀವೂ ಮೊದಲ ಸಾಲಿನ ರಾಗವನ್ನೇ ವಾಪಸ್ ತನ್ನಿ. ಹೊಸ ರಾಗ ತಂದರೆ ಆ ತಿರುವು ಯಾರಿಗೂ ಕಾಣುವುದಿಲ್ಲ.

ಆ ವಿಚಿತ್ರ ಸದ್ದುಗಳನ್ನು ತೆಗೆಯುವುದು ಹೇಗೆ?

ಕೊಳಲಿನ ಚೀಲದಲ್ಲಿ ಇಂಥವು ತುಂಬ ಇವೆ. ಮೊದಲು ಕಲಿಯಬೇಕಾದ್ದು ಫ್ಲಟರ್. ಊದುತ್ತಲೇ ನಾಲಿಗೆಯಲ್ಲಿ ‘ರ್ರ್ರ್’ ಅನ್ನುವುದು. ನಾಲಿಗೆ ತಿರುಗದವರು ಗಂಟಲಲ್ಲಿ ನೀರು ಮುಕ್ಕಳಿಸಿದ ಹಾಗೆ ಮಾಡಬಹುದು. ರಿಚರ್ಡ್ ಸ್ಟ್ರಾಸ್ 1897ರ ‘ಡಾನ್ ಕಿಹೋಟೆ’ಯಲ್ಲಿ ಕುರಿಗಳ ಕೂಗನ್ನು ಹಿತ್ತಾಳೆ ವಾದ್ಯಗಳಲ್ಲಿ ಹೀಗೇ ತಂದರು. ಕೊಳಲಿನಲ್ಲಿ ತಗ್ಗಿನ ಸ್ವರಕ್ಕೆ ಮಾಡಿದರೆ ಗುರುಗುಟ್ಟುವ ಪ್ರಾಣಿ, ಮೇಲಿನ ಸ್ವರಕ್ಕೆ ಮಾಡಿದರೆ ಸಿಟ್ಟಾದ ಹಕ್ಕಿ.

ಕೀಲಿ ಸದ್ದು ಇನ್ನೊಂದು. ಊದದೆ ಕೀಲಿಯನ್ನು ಪಟ್ಟನೆ ಒತ್ತುವುದು. ವಾರೆಸ್ 1936ರಲ್ಲಿ ಒಂಟಿ ಕೊಳಲಿಗೆ ಬರೆದ ‘ಡೆನ್ಸಿಟಿ 21.5’ರಲ್ಲಿ ಇದನ್ನು ಬಳಸಿದರು. ಮಾಮೂಲಿ ಫ್ಲೂಟಿನಲ್ಲಿ ಈ ಸದ್ದು ಚಿಕ್ಕದು, ಬಾಸಿನಲ್ಲಿ ಚೆನ್ನಾಗಿ ಕೇಳುತ್ತದೆ.

ನನ್ನ ಅಚ್ಚುಮೆಚ್ಚಿನದು ಟಂಗ್ ರ‍್ಯಾಮ್. ಊದುವ ತೂತನ್ನು ತುಟಿಯಿಂದ ಪೂರ್ತಿ ಮುಚ್ಚಿ, ‘ಹುತ್’ ಅನ್ನುತ್ತಾ ನಾಲಿಗೆಯನ್ನು ತೂತಿಗೆ ಹೊಡೆಯುವುದು. ತೂತು ಮುಚ್ಚಿದಾಗ ಕೊಳವೆ ಒಂದು ಕಡೆ ಬಂದ್ ಆಗುತ್ತದೆ. ಅದಕ್ಕೇ ಬೆರಳಿಟ್ಟ ಸ್ವರಕ್ಕಿಂತ ಸುಮಾರು ಏಳು ಸ್ವರ ಕೆಳಗಿನ ಒಂದು ದುಂಡನೆಯ ‘ಡುಂ’ ಬರುತ್ತದೆ. ಎದುರು ಕೂತವರಿಗೆ ಅದು ಎಲ್ಲಿಂದ ಬಂತು ಅಂತಲೇ ತಿಳಿಯುವುದಿಲ್ಲ.

ಜೆಟ್ ವಿಸಲ್‌ಗೆ ತೂತನ್ನು ಬಾಯೊಳಗೆ ತೆಗೆದುಕೊಂಡು ಜೋರಾಗಿ ಗಾಳಿ ಬಿಡಬೇಕು. ವಿಲಾ-ಲೋಬೋಸ್ 1950ರಲ್ಲಿ ಕೊಳಲು ಮತ್ತು ಚೆಲ್ಲೋಗೆ ಬರೆದ ಕೃತಿಯೊಂದು ಈ ಸದ್ದಿನಲ್ಲೇ ಮುಗಿಯುತ್ತದೆ. ಕೃತಿಯ ಹೆಸರೂ ಅದೇ. ಹಾಡುತ್ತಾ ಊದುವುದು, ಕೊಳಲನ್ನು ಒಳಗೆ ಹೊರಗೆ ತಿರುಗಿಸಿ ಸ್ವರ ಜಾರಿಸುವುದು, ಇವೂ ಇವೆ.

ಒಂದು ಎಚ್ಚರಿಕೆ. ಒಂದು ಕೃತಿಗೆ ಇಂಥ ಎರಡು ಮೂರು ಸದ್ದು ಸಾಕು. ಪ್ರತಿ ಸದ್ದೂ ಒಂದು ಹೊಸ ಪದ. ಒಂದೇ ಪದ್ಯದಲ್ಲಿ ಎಲ್ಲ ಪದವೂ ಹೊಸದಾದರೆ ವ್ಯಾಕರಣ ಕಾಣುವುದಿಲ್ಲ, ಬರೀ ಗದ್ದಲ ಕೇಳುತ್ತದೆ. ಸದ್ದು ಬಂದ ಕಡೆ ಸುತ್ತಲಿನ ಸಂಗೀತ ಸರಳವಾಗಿರಲಿ.

ತಪ್ಪು ಸ್ವರ ನುಡಿಸಿದರೆ ಜನ ನಗುವುದಿಲ್ಲವಾ?

ನಗುತ್ತಾರೆ, ಒಮ್ಮೆ. ಮೊಜಾರ್ಟ್ 1787ರಲ್ಲಿ ‘ಸಂಗೀತದ ತಮಾಷೆ’ ಅಂತಲೇ ಒಂದು ಕೃತಿ ಬರೆದರು. ಅದರಲ್ಲಿ ತಪ್ಪುಗಳು ತುಂಬ ಇವೆ. ಆದರೆ ಪ್ರತಿ ತಪ್ಪೂ ಯೋಚಿಸಿ ಇಟ್ಟದ್ದು, ಮತ್ತು ಅದನ್ನು ಸರಿಯಾಗಿ ನುಡಿಸುವುದು ಬಲು ಕಷ್ಟ. ಶ್ರುತಿ ತಪ್ಪಿದ ತಂಡ ತಮಾಷೆಗೆ ತಪ್ಪು ನುಡಿಸಿದರೆ ಯಾವುದು ತಮಾಷೆ ಅಂತ ಕೇಳುಗರಿಗೆ ಗೊತ್ತಾಗುವುದಿಲ್ಲ. ಕೊಳಲು ತಂಡದಲ್ಲಂತೂ ಶ್ರುತಿಯೇ ದೊಡ್ಡ ಕೆಲಸ. ಪಿಕೊಲೊ ಸ್ವಲ್ಪ ಏರಿದರೂ ಕಿವಿ ಚುಚ್ಚುತ್ತದೆ.

ಹಾಗಾದರೆ ನಗು ಎಲ್ಲಿಂದ ಬರುತ್ತದೆ?

ಕಾಯಿಸುವುದರಿಂದ. ಕೇಳುವವರು ಮುಂದೇನು ಬರುತ್ತದೆ ಅಂತ ಊಹೆ ಮಾಡಿರಬೇಕು. ಆ ಊಹೆಗೆ ಸಮಯ ಕೊಡಬೇಕು. ಆಮೇಲೆ ಅದನ್ನು ಸ್ವಲ್ಪವೇ ಸ್ವಲ್ಪ ತಪ್ಪಿಸಬೇಕು.

ಹೈಡನ್ ಅವರ 1781ರ ನಾಲ್ಕು ತಂತಿವಾದ್ಯದ ಕೃತಿಯೊಂದಕ್ಕೆ (ಕ್ವಾರ್ಟೆಟ್) ‘ಜೋಕ್’ ಅಂತಲೇ ಹೆಸರು ಬಿದ್ದಿದೆ. ಕೊನೆಯ ಭಾಗದಲ್ಲಿ ರಾಗವನ್ನು ತುಂಡು ಮಾಡಿ ನಡುನಡುವೆ ಮೌನ ಇಟ್ಟಿದ್ದಾರೆ. ಮುಗಿಯಿತಾ? ಇಲ್ಲ, ಇನ್ನೊಂದು ತುಂಡು. ಈಗ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಾಗ ದೊಡ್ಡ ಮೌನ. ಆಮೇಲೆ ರಾಗದ ಮೊದಲ ತುಂಡು ಮೆಲ್ಲಗೆ, ಮತ್ತೆ ಶುರು ಮಾಡುವವರ ಹಾಗೆ. ಅಷ್ಟೇ, ಮುಂದೆ ಏನೂ ಇಲ್ಲ. ಒಂದು ವಿಚಿತ್ರ ಸದ್ದೂ ಅದರಲ್ಲಿಲ್ಲ. ಬರೀ ಮೌನದಿಂದ ನಗಿಸಿದ್ದಾರೆ.

ಕೊಳಲಿನವರಿಗೆ ಮೌನ ಕಷ್ಟ. ಮೌನ ಬಂದ ಕೂಡಲೇ ಕೊಳಲು ಕೆಳಗಿಳಿಸಿ ಉಸಿರೆಳೆಯುವುದು ರೂಢಿ. ಆಗ ‘ಮುಂದಿನದು ಈಗ ಬರುತ್ತದೆ’ ಅಂತ ಕೇಳುಗರಿಗೆ ಸುಳಿವು ಸಿಗುತ್ತದೆ. ಹಾಸ್ಯದ ಮೌನದಲ್ಲಿ ಯಾರೂ ಅಲ್ಲಾಡಬಾರದು. ನಮ್ಮ ಅಭ್ಯಾಸದಲ್ಲಿ ಅರ್ಧ ಹೊತ್ತು ಇದಕ್ಕೇ ಹೋಗುತ್ತದೆ.

ನುಡಿಸುವಾಗ ಮುಖದಲ್ಲಿ ಹಾಸ್ಯ ತೋರಿಸಬೇಕಾ?

ಬೇಡ. ಒಂದು ಸಲ ನಮ್ಮ ತಂಡದಲ್ಲಿ ಎಲ್ಲರೂ ಹುಬ್ಬು ಹಾರಿಸುತ್ತಾ, ತಲೆ ಕುಣಿಸುತ್ತಾ ನುಡಿಸಿದರು. ಜನ ನಕ್ಕರು. ಆದರೆ ನಕ್ಕಿದ್ದು ಹುಬ್ಬಿಗೆ. ಎಲ್ಲಕ್ಕಿಂತ ಚೆನ್ನಾಗಿದ್ದ ಬಾಸ್ ಕೊಳಲಿನ ಉತ್ತರ ಆ ನಗುವಿನಲ್ಲಿ ಮುಳುಗಿಹೋಯಿತು. ಮುಂದಿನ ಸಲ ನೆಟ್ಟಗೆ ಕೂತು, ಶೋಕಗೀತೆ ನುಡಿಸುವಷ್ಟು ಶ್ರದ್ಧೆಯಿಂದ ನುಡಿಸಿದೆವು. ನಗು ತಡವಾಗಿ ಬಂತು, ಸರಿಯಾದ ಜಾಗದಲ್ಲಿ ಬಂತು.

ನುಡಿಸುತ್ತಿರುವಾಗ ನಮಗೇ ನಗು ಬಂದರೆ?

ಬಹಳ ಜನರ ನಿಜವಾದ ಕಷ್ಟ ಇದು. ನಕ್ಕಾಗ ತುಟಿಯ ತುದಿಗಳು ಹಿಂದಕ್ಕೆ ಎಳೆಯುತ್ತವೆ. ಗಾಳಿಯ ಎಳೆ ಅಗಲವಾಗಿ ಚದುರುತ್ತದೆ, ಸ್ವರ ಸತ್ತೇಹೋಗುತ್ತದೆ. ಬಾಯಲ್ಲಿ ಹಿಡಿಯುವ ಪೀಪಿ ಇರುವ ವಾದ್ಯದವರು ಹೇಗೋ ನಿಭಾಯಿಸಬಹುದು, ನಮಗೆ ಸಾಧ್ಯವಿಲ್ಲ. ಮದ್ದು ಅಂದರೆ ಅಭ್ಯಾಸವೇ. ನಗು ಬರುವ ಜಾಗವನ್ನು ಐವತ್ತು ಸಲ ನುಡಿಸಿ. ಐವತ್ತನೇ ಸಲ ಅದು ಬರೀ ಕೆಲಸ ಆಗಿರುತ್ತದೆ. ಪಕ್ಕದವರ ಮುಖ ನೋಡಬೇಡಿ, ಹಾಳೆ ನೋಡಿ.

ನಾವು ಹೊಸಬರು. ಎಲ್ಲಿಂದ ಶುರು ಮಾಡಬೇಕು?

ಕೊಳಲಿನ ತಲೆಭಾಗದಿಂದ. ಫ್ಲೂಟನ್ನು ಬಿಚ್ಚಿ, ಊದುವ ತುಂಡನ್ನು ಮಾತ್ರ ಕೈಯಲ್ಲಿ ಹಿಡಿಯಿರಿ. ತುದಿ ತೆರೆದಿಟ್ಟು ಊದಿದರೆ ಒಂದು ಸ್ವರ. ತುದಿಯನ್ನು ಅಂಗೈಯಿಂದ ಮುಚ್ಚಿದರೆ ಸುಮಾರು ಒಂದು ಸ್ಥಾಯಿ ಕೆಳಗಿನ ಸ್ವರ. ಬೆರಳನ್ನು ಒಳಗೆ ಹಾಕಿ ಹೊರಗೆ ಎಳೆದರೆ ಸ್ವರ ಜಾರುತ್ತದೆ. ಒಂದೇ ವಾರ ಕಲಿತವರೂ ಇದನ್ನು ಮಾಡಬಲ್ಲರು.

ನಾಲ್ಕು ಜನ ಕೂಡಿ. ಒಂದು ಚಿಕ್ಕ ಅಸಂಬದ್ಧ ಪದ್ಯವನ್ನು ಎಲ್ಲರೂ ಗಟ್ಟಿಯಾಗಿ, ಒಂದೇ ಲಯದಲ್ಲಿ ಓದಿ. ನಾಲಿಗೆ ಎಲ್ಲಿ ಪೆಟ್ಟು ಕೊಡುತ್ತದೆ ಅಂತ ಗಮನಿಸಿ. ಆಮೇಲೆ ಅದೇ ಲಯವನ್ನು ಬರೀ ‘ತು-ಕು’ಗಳಲ್ಲಿ ಹೇಳಿ. ಕೊನೆಗೆ ತಲೆಭಾಗದಲ್ಲಿ ಊದಿ. ಗುರು ಬಂದಲ್ಲಿ ತುದಿ ಮುಚ್ಚಿ, ಲಘು ಬಂದಲ್ಲಿ ತೆರೆಯಿರಿ. ‘ಗುಳ್ಳಣ ಮಿಟ್ಟನು’ ಹೀಗೆ ಊದಿದರೆ ‘ಬೂಂ-ಪಿಪಿ, ಬೂಂ-ಪಿಪಿ’ ಅಂತ ಬರುತ್ತದೆ. ಒಂದು ಸಂಜೆಯಲ್ಲಿ ಮೊದಲ ಕೃತಿ ಸಿದ್ಧ.

ಬಿದಿರಿನ ಕೊಳಲಿನಲ್ಲಿ ನುಡಿಸಬಹುದಾ?

ಧಾರಾಳವಾಗಿ. ಕೀಲಿ ಸದ್ದು ಸಿಗುವುದಿಲ್ಲ, ಅಷ್ಟೇ. ಅದರ ಬದಲು ಬೆರಳಿನಿಂದ ತೂತನ್ನು ಪಟ್ಟನೆ ತಟ್ಟಬಹುದು. ಸ್ವರ ಜಾರಿಸುವುದರಲ್ಲಿ ಬಿದಿರನ್ನು ಮೀರಿಸುವ ಕೊಳಲಿಲ್ಲ. ತೂತಿನ ಮೇಲೆ ಬೆರಳು ನೇರವಾಗಿ ಇರುವುದರಿಂದ ಗಮಕವನ್ನು ಬೇಕಾದಷ್ಟು ನಿಧಾನವಾಗಿ ಎಳೆಯಬಹುದು. ಪದ್ಯದಲ್ಲಿ ಯಾರಾದರೂ ಬೀಳುವ, ಜಾರುವ, ಆಕಳಿಸುವ ಸಾಲಿದ್ದರೆ ಅದನ್ನು ಬಿದಿರಿಗೇ ಕೊಡಿ. ಬೇರೆ ಬೇರೆ ಶ್ರುತಿಯ ಕೊಳಲುಗಳು ಸೇರಿದಾಗ ಯಾರು ಯಾವ ಶ್ರುತಿಯವರು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಇದು ಮಕ್ಕಳಿಗೆ ಮಾತ್ರ ಅಲ್ವಾ?

ಮಕ್ಕಳು ಬೇಗ ಹಿಡಿಯುತ್ತಾರೆ, ನಿಜ. ಗೊತ್ತಿಲ್ಲದ ಪದ ಕೇಳುವುದು ಅವರಿಗೆ ದಿನವೂ ಇರುವುದೇ. ಆದರೆ ದೊಡ್ಡವರು ಈ ಸಂಗೀತಕ್ಕೆ ಹಿಂಜರಿಯುವುದು ಹಳೆಯ ಕಥೆ. ಸೇಂಟ್-ಸಾನ್ಸ್ 1886ರಲ್ಲಿ ‘ಪ್ರಾಣಿಗಳ ಜಾತ್ರೆ’ಯನ್ನು ಗೆಳೆಯರ ಖುಷಿಗೆಂದು ಬರೆದರು. ತಮ್ಮ ಗಂಭೀರ ಹೆಸರಿಗೆ ಕುಂದು ಬರಬಾರದು ಅಂತ ಹಂಸದ ಭಾಗವೊಂದನ್ನು ಬಿಟ್ಟು ಉಳಿದದ್ದನ್ನು ಬದುಕಿರುವವರೆಗೆ ಅಚ್ಚು ಹಾಕಿಸಲಿಲ್ಲ. ಅದು ಪೂರ್ತಿ ಹೊರಬಂದದ್ದು 1922ರಲ್ಲಿ. ಅದರ ಹಕ್ಕಿಗೂಡಿನ ಭಾಗದಲ್ಲಿ ಕೊಳಲು ಹಾರುವುದನ್ನು ಕೇಳಿದರೆ ಇದನ್ನು ಬಚ್ಚಿಟ್ಟರಲ್ಲ ಅಂತ ಹೊಟ್ಟೆ ಉರಿಯುತ್ತದೆ. ನಿಮ್ಮ ಕೃತಿಯನ್ನು ಬಚ್ಚಿಡಬೇಡಿ.

ಯಾವ ಪದ್ಯ ಬಳಸಲು ಅನುಮತಿ ಬೇಕು?

ಕವಿ ತೀರಿಕೊಂಡ ಮೇಲೆ 50ರಿಂದ 70 ವರ್ಷ ಹಕ್ಕು ಇರುವುದು ಬಹಳ ದೇಶಗಳ ಪದ್ಧತಿ. ಲಿಯರ್, ಕ್ಯಾರಲ್ (ನಿಧನ 1898), ಮಾರ್ಗೆನ್‌ಸ್ಟರ್ನ್ (1914), ‘ಆಬೋಲ್ ತಾಬೋಲ್’ ಬರೆದ ಬಂಗಾಳಿ ಕವಿ ಸುಕುಮಾರ್ ರಾಯ್ (1923) ಇವರ ಮೂಲ ಪದ್ಯಗಳಿಗೆ ತೊಂದರೆಯಿಲ್ಲ. ಸಿಟ್ವೆಲ್ ತೀರಿಕೊಂಡದ್ದು 1964ರಲ್ಲಿ, ಹಾಗಾಗಿ ಅವರ ಪದ್ಯಕ್ಕೆ ವಿಚಾರಿಸಬೇಕು. ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ ಇರುತ್ತದೆ, ಅದನ್ನು ಮರೆಯುವವರು ಜಾಸ್ತಿ. ನಾನು ಹೇಳುವುದು, ನೀವೇ ನಾಲ್ಕು ಸಾಲು ಕಟ್ಟಿ. ವಿಭಕ್ತಿ ಸರಿ ಇದ್ದು ಪದ ಹೊಸದಿದ್ದರೆ ಆಯಿತು.

ಕೃತಿಯನ್ನು ಮುಗಿಸುವುದು ಹೇಗೆ?

‘ಜಬರ್‌ವಾಕಿ’ಯ ಕೊನೆಯ ಚರಣ ಮೊದಲ ಚರಣವೇ, ಒಂದಕ್ಷರ ಬದಲಿಲ್ಲ. ನಡುವೆ ಒಂದು ದೊಡ್ಡ ಬೇಟೆಯೇ ನಡೆದುಹೋಗಿರುತ್ತದೆ. ಕೊಳಲಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಶುರುವಿನ ಎಂಟು ಅಳತೆಯನ್ನು ಹಾಗೇ ವಾಪಸ್ ತನ್ನಿ, ವೇಗ ಹೆಚ್ಚಿಸಬೇಡಿ, ಜೋರು ಮಾಡಬೇಡಿ. ಕೊನೆಯ ಸ್ವರ ಆದ ಮೇಲೂ ಎಲ್ಲರೂ ಕೊಳಲನ್ನು ತುಟಿಯಲ್ಲೇ ಹಿಡಿದು, ಮನಸ್ಸಿನಲ್ಲಿ ನಾಲ್ಕು ತಕಿಟ ಎಣಿಸಿ. ಆಮೇಲೆ ಒಟ್ಟಿಗೆ ಇಳಿಸಿ. ನಾವು ಮೊದಮೊದಲು ಮೂರಕ್ಕೇ ಇಳಿಸಿಬಿಡುತ್ತಿದ್ದೆವು. ನಾಲ್ಕನೆಯದರಲ್ಲೇ ಜನ ನಗುವುದು.